ಪೈಯಾನ್ನೆಯ ಮರದ ಮೀನು

ಫಿನ್ಲೆಂಡ್ ದೇಶದ ನಕ್ಷೆಯನ್ನು ಎದುರಿಗೆ ಹರಡಿಕೊಂಡವರಿಗೆ, ಇದು ನೆಲದ ನಡುವೆ ನೀರಿರುವ ನಾಡೋ ನೀರಿನ ನಡುವೆ ನೆಲವಿರುವ ನಾಡೋ ಎಂಬ ಸಂದೇಹ ಬಾರದಿರದು. ಚಿಕ್ಕ ಕೊಳಗಳನ್ನೂ ಲೆಕ್ಕಕ್ಕೆ ಹಿಡಿದರೆ ಅಲ್ಲಿಯ ಸರೋವರಗಳ ಸಂಖ್ಯೆ 1,80,000ವನ್ನು ಮೀರುತ್ತದೆ. ಅವುಗಳಲ್ಲಿ ವಿಸ್ತಾರದಿಂದ ಎರಡನೆಯದೂ ಆಳದಿಂದ ಮೊದಲನೆಯದೂ ಆದ ಸರೋವರವೇ ಪೈಯಾನ್ನೆ. ತೆಂಕಣ ತುದಿಯಿಂದ ಬಡಗಣ ತುದಿಗೆ ಸುಮಾರು 120 ಕಿಲೋಮೀಟರು. ಎಂದರೆ ಬೆಂಗಳೂರಿನಿಂದ ಶ್ರೀರಂಗಪಟ್ಟಣದವರೆಗೂ ದಾರಿಯುದ್ದಕ್ಕೆ ನೀರೇ ನಿಂತಿದ್ದರೆ ಹೇಗೋ ಹಾಗೆ. ಅತ್ಯಂತ ಆಳವಾದೆಡೆಯಲ್ಲಿ 95 ಮೀಟರು.

ರಾಜಧಾನಿ ಹೆಲ್ಸಿಂಕಿಯಿಂದ ಉತ್ತರಕ್ಕೆ 100 ಕಿಲೋಮೀಟರು ದೂರದ ಲಾಹ್ತಿ ನಗರಕ್ಕೆ ರೈಲಿದೆ. ಹಿಮದ ಮೇಲೆ ಜಾರಿ ಗಾಳಿಯಲ್ಲಿ ಹಾರುವ ಸ್ಪರ್ಧೆಗಳಿಗೆ ಹೆಸರಾದ ಊರು ಅದು. ಅಲ್ಲಿಂದ ಬಸ್ಸು ಹಿಡಿದು ಪೈನ್ ಮತ್ತು ಬರ್ಚ್ ಮರಗಳ ನಡುವೆ ಅರ್ಧ ಗಂಟೆ ಸಾಗಿದರೆ ವ್ಯಾಕ್ಸಿ ಎಂಬ ಚಿಕ್ಕ ಊರು ಎದುರಾಗುತ್ತದೆ. ಊರಿನ ನಡುವೆ ಒಂದು ಕಾಲುವೆ. 1871ರಲ್ಲಿ ತೆರೆಯಲ್ಪಟ್ಟ ಈ ಕಾಲುವೆ ಲಾಹ್ತಿಯ ಕಡೆಯ ವೇಸಿಯಾರ್ವಿ ಸರೋವರವನ್ನು ಪೈಯಾನ್ನೆಯೊಡನೆ ಕೂಡಿಸುತ್ತದೆ. ಎರಡು ಸರೋವರಗಳ ಮಟ್ಟದಲ್ಲಿ ಸುಮಾರು ಮೂರು ಮೀಟರುಗಳ ಅಂತರ. ದೋಣಿಯೊಂದು ಬಂದು ಕಾಲುವೆಯ ಕಟ್ಟೆಯೊಳಗೆ ನಿಲ್ಲುತ್ತದೆ, ಬಾಗಿಲು ಮುಚ್ಚುತ್ತದೆ, ನೀರು ಮೆಲ್ಲಮೆಲ್ಲನೆ ಇಳಿಯುತ್ತದೆ, ಇದಿರಿನ ಬಾಗಿಲು ತೆರೆದೊಡನೆ ದೋಣಿ ಏನೂ ಆಗದಂತೆ ಕೆಳಗಿನ ಸರೋವರಕ್ಕೆ ತೇಲಿಹೋಗುತ್ತದೆ. ಬೇಸಗೆಯಲ್ಲಿ ಮಕ್ಕಳು ಮರಿಗಳೊಡನೆ ಬಂದ ಸಂಸಾರಗಳು ದಡದಲ್ಲಿ ಕುಳಿತು ಈ ನೋಟವನ್ನು ಗಂಟೆಗಟ್ಟಲೆ ನೋಡುವುದುಂಟು.

ಪೈಯಾನ್ನೆಯ ನೀರು ಎಷ್ಟು ತಿಳಿಯೆಂದರೆ, ಹೆಲ್ಸಿಂಕಿಯ ಸುತ್ತಲಿನ ಹತ್ತು ಲಕ್ಷಕ್ಕೂ ಮಿಕ್ಕ ಜನ ಕುಡಿಯುವುದು ಇದೇ ನೀರನ್ನು. ಬಂಡೆಯೊಳಗೆ 120 ಕಿಲೋಮೀಟರು ಉದ್ದದ ಸುರಂಗವನ್ನು ಕೊರೆದು, 1982ರಲ್ಲಿ ಮುಗಿಸಿ, ಸರೋವರವನ್ನು ರಾಜಧಾನಿಯ ನಲ್ಲಿಗಳವರೆಗೂ ಕೊಂಡೊಯ್ದಿದ್ದಾರೆ. ವ್ಯಾಕ್ಸಿಯಿಂದ ಮುಂದೆ ಸಿಸ್ಮಾ ಎಂಬ ಊರಿನ ಕಡೆಗೆ ಹೋಗುವ ರಸ್ತೆ ಇನ್ನೂ ಸೊಗಸಾದುದು. ಹಿಮಯುಗದ ಕೊನೆಯಲ್ಲಿ, ಸುಮಾರು 10,000 ವರ್ಷಗಳ ಹಿಂದೆ, ಕರಗುತ್ತಿದ್ದ ಹಿಮರಾಶಿಯ ಅಡಿಯಲ್ಲಿ ಹರಿದ ತೊರೆಗಳು ಬಿಟ್ಟುಹೋದ ಮರಳು ಮತ್ತು ನೊರಜುಗಲ್ಲುಗಳ ನೀಳವಾದ ದಿಣ್ಣೆಯೊಂದು ಸರೋವರದ ನಡುವೆ ಸೇತುವೆಯಂತೆ ಚಾಚಿಕೊಂಡಿದೆ. ಪುಲ್ಕಿಲನ್‌ಹಾರ್ಯು ಎಂದು ಅದರ ಹೆಸರು. ಉದ್ದ ಎಂಟು ಕಿಲೋಮೀಟರು. 1993ರಲ್ಲಿ ಸ್ಥಾಪನೆಯಾದ ಪೈಯಾನ್ನೆ ರಾಷ್ಟ್ರೀಯ ಉದ್ಯಾನಕ್ಕೆ ಇದು ಸೇರಿದೆ. ಎಡಕ್ಕೂ ನೀರು, ಬಲಕ್ಕೂ ನೀರು, ನಡುವೆ ಪೈನ್ ಮರಗಳ ಕೆಂಪು ಕಾಂಡಗಳು. ಜೂನ್ ತಿಂಗಳಲ್ಲಿ ರಾತ್ರಿ ಹತ್ತು ಹೊಡೆದರೂ ಸೂರ್ಯನಿಗೆ ಮುಳುಗುವ ಮನಸ್ಸಿರುವುದಿಲ್ಲ.

ಇಷ್ಟು ದೂರ ವಾಚಕರನ್ನು ಕರೆತಂದದ್ದು ಸರೋವರದ ಚೆಲುವನ್ನು ತೋರಿಸುವುದಕ್ಕೆ ಮಾತ್ರವಲ್ಲ. ಈ ದಿಣ್ಣೆಯ ಎರಡು ತುದಿಗಳಲ್ಲಿರುವ ಎರಡು ಊರುಗಳ ನಡುವೆ ಒಬ್ಬ ಬಡ ಬೆಸ್ತನ ಬಾಳು ಹರಡಿಕೊಂಡಿದೆ. ಅವನು ಕೆತ್ತಿದ ಒಂದು ಗೇಣಿಗಿಂತ ಚಿಕ್ಕದಾದ ಮೀನು ಪ್ರಪಂಚವನ್ನೆಲ್ಲ ಸುತ್ತಿಬಂದಿತು. ಆ ಮೀನಿನ ಮೈಮೇಲಿನ ಮೆರುಗೆಣ್ಣೆಯ ಕಥೆಯೇ ಈ ಲೇಖನದ ವಸ್ತು.

ಊರ ಹೆಸರನ್ನು ಹೊತ್ತವನು

ಲೌರಿ ರಾಪಲ ಹುಟ್ಟಿದುದು 1905ರಲ್ಲಿ, ಸಿಸ್ಮಾದಲ್ಲಿ. ತಾಯಿ ಮಗನನ್ನು ಕರೆದುಕೊಂಡು ಆಸಿಕ್ಕಲ ಪ್ರದೇಶಕ್ಕೆ ಬಂದಾಗ, ಅಲ್ಲಿಯ ಚರ್ಚಿನ ದಫ್ತರಿನಲ್ಲಿ ಹೆಸರು ಬರೆದುಕೊಂಡವನಿಗೆ ಆಕೆಯ ಮನೆತನದ ಹೆಸರು ನೆನಪಿಗೆ ಬಾರದೆ, ಅವರು ಬಿಟ್ಟುಬಂದ ಹಳ್ಳಿಯ ಹೆಸರನ್ನೇ ಬರೆದುಬಿಟ್ಟನಂತೆ. ಆ ಹಳ್ಳಿಯ ಹೆಸರು ರಾಪಲ. ಫಿನ್ನಿಷ್ ಭಾಷೆಯಲ್ಲಿ 'ರಾಪ' ಎಂದರೆ ಕೆಸರು. ಊರ ಹೆಸರನ್ನು ಹೆಸರಿನ ಮುಂದೆ ಹೊತ್ತು ತಿರುಗುವ ನಮಗೆ ಇದರಲ್ಲಿ ಸೋಜಿಗವೇನೂ ಇಲ್ಲ. ಆದರೆ ಕೆಸರೆಂಬ ಅರ್ಥವುಳ್ಳ ಆ ಹೆಸರು ಮುಂದೆ ಐದು ಖಂಡಗಳ ಅಂಗಡಿಗಳಲ್ಲಿ ಮೆರೆಯುವುದೆಂದು ಆ ಕರಣಿಕನಿಗೆ ಹೇಗೆ ತಿಳಿದೀತು?

ಲೌರಿಯ ಯೌವನ ಕಷ್ಟದ ಕಾಲದಲ್ಲಿ ಕಳೆಯಿತು. ಫಿನ್ಲೆಂಡ್ 1917ರಲ್ಲಿ ಸ್ವತಂತ್ರವಾಯಿತು, ಮರುವರ್ಷವೇ ಅಂತರ್ಯುದ್ಧ, 1930ರ ದಶಕದಲ್ಲಿ ಜಗತ್ತಿನೆಲ್ಲೆಡೆಯಂತೆ ಅಲ್ಲಿಯೂ ಹಣದ ಮುಗ್ಗಟ್ಟು. ಚಳಿಗಾಲದಲ್ಲಿ ಮರ ಕಡಿಯುವ ಕೂಲಿ, ಮಂಜು ಕರಗಿದ ಮೇಲೆ ಮೀನುಗಾರಿಕೆ, ಬೆಳೆಯುತ್ತಿರುವ ಸಂಸಾರ. ನೂರಾರು ಗಾಳಗಳುಳ್ಳ ನೀಳವಾದ ಹಗ್ಗವನ್ನು ನೀರಿಗಿಳಿಸಿ, ಒಂದೊಂದು ಗಾಳಕ್ಕೂ ಎರೆ ಸಿಕ್ಕಿಸಿ, ದಿನವೆಲ್ಲ ಹುಟ್ಟು ಹಾಕಿ ದುಡಿದರೂ ಮನೆಗೆ ಬರುವುದು ಅಷ್ಟಕ್ಕಷ್ಟೆ. ಎರೆ ಸಿಕ್ಕಿಸುವುದರಲ್ಲಿಯೇ ಹೊತ್ತು ಕಳೆದುಹೋಗುತ್ತಿತ್ತು.

ದೋಣಿಯಲ್ಲಿ ಕುಳಿತ ಲೌರಿ ನೀರನ್ನು ನೋಡುತ್ತಿದ್ದ. ಫಿನ್ನರು 'ಹೌಕಿ' ಎನ್ನುವ, ಬಾಯಿತುಂಬ ಸೂಜಿಹಲ್ಲುಗಳುಳ್ಳ ದೊಡ್ಡ ಮೀನು ಪುಟ್ಟ ಮೀನುಗಳ ಹಿಂಡಿಗೆ ನುಗ್ಗುವಾಗ ಸಿಕ್ಕಿದುದನ್ನು ಹಿಡಿಯುವುದಿಲ್ಲ. ಹಿಂಡಿನಲ್ಲಿ ಯಾವುದೋ ಒಂದು ಸ್ವಲ್ಪ ಓಲಾಡುತ್ತ, ಒಂದು ಮಗ್ಗುಲಿಗೆ ವಾಲಿ, ಕುಂಟಿದಂತೆ ಈಜುತ್ತಿರುತ್ತದೆ. ಹೌಕಿ ಬೀಳುವುದು ಅದರ ಮೇಲೆಯೇ. ನೂರು ಗಟ್ಟಿ ಮೀನುಗಳ ನಡುವೆ ಒಂದು ಬಲಹೀನ ಮೀನು! ಆ ಓಲಾಟವನ್ನು ಮರದ ತುಂಡಿಗೆ ಕಲಿಸಬಲ್ಲವನಿಗೆ ಎರೆಯ ಗೊಡವೆಯೇ ಇಲ್ಲ.

1936ರಲ್ಲಿ ಅವನು ಬೆಂಡಿನ ತುಂಡೊಂದನ್ನು ತೆಗೆದುಕೊಂಡು, ಜೋಡು ಹೊಲಿಯುವವರು ತೊಗಲು ಕೊಯ್ಯುವ ಚೂರಿಯಿಂದ ಕೆತ್ತಿ, ಉಪ್ಪುಕಾಗದದಿಂದ ಉಜ್ಜಿ, ಪುಟ್ಟದೊಂದು ಹುಸಿಮೀನನ್ನು ಮಾಡಿದ. ಹೊಳಪಿಗೆ ಚಾಕೊಲೇಟಿನ ಮೇಲೆ ಸುತ್ತಿಬರುವ ಬೇಗಡೆಯನ್ನು ಅಂಟಿಸಿದ. ಇನ್ನುಳಿದದ್ದು ಮೇಲಿನ ಲೇಪ. ಮೆರುಗೆಣ್ಣೆ ಕೊಳ್ಳುವುದಕ್ಕೆ ಹಣವಿರಲಿಲ್ಲ. ಅವನು ಫೋಟೋಗ್ರಾಫಿನ ಹಳೆಯ ನೆಗೆಟಿವ್‌ಗಳನ್ನು ಕರಗಿಸಿ ಅದನ್ನೇ ಮೀನಿನ ಮೈಗೆ ಬಳಿದ.

ಕರಗಿದ ಚಿತ್ರಗಳು

ನೆಗೆಟಿವ್‌ಗೂ ಮೆರುಗೆಣ್ಣೆಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಸಂಬಂಧ ಹತ್ತಿರದ್ದೇ. ಆ ಕಾಲದ ಫಿಲ್ಮಿನ ತಳಹಾಳೆ ಹತ್ತಿ ಅಥವಾ ಮರದ ನಾರಿನಿಂದ ರಾಸಾಯನಿಕವಾಗಿ ತಯಾರಾಗುತ್ತಿತ್ತು. ಅದರ ಪ್ರಸಿದ್ಧ ರೂಪವೇ ಸೆಲ್ಯುಲಾಯ್ಡ್. ನಾರನ್ನು ನೈಟ್ರಿಕ್ ಆಮ್ಲದಿಂದ ಮಾರ್ಪಡಿಸಿ, ಬಿರುಕು ಬಿಡದಂತೆ ಬಾಗುವ ಗುಣ ಬರಲೆಂದು ಅದಕ್ಕೆ ಕರ್ಪೂರವನ್ನು ಸೇರಿಸುತ್ತಿದ್ದರು. ಹೌದು, ನಾವು ದೇವರ ಮುಂದೆ ಹಚ್ಚುವ ಕರ್ಪೂರವೇ! ಹಳೆಯ ಸೆಲ್ಯುಲಾಯ್ಡ್ ಬಾಚಣಿಗೆಯನ್ನು ಉಜ್ಜಿ ಮೂಸಿದರೆ ಈಗಲೂ ಮಂಗಳಾರತಿಯ ನೆನಪಾದೀತು. ಈ ವಸ್ತು ಅಸಿಟೋನ್ ಮುಂತಾದ ದ್ರವಗಳಲ್ಲಿ ಸಕ್ಕರೆ ನೀರಿನಲ್ಲಿ ಕರಗಿದಂತೆ ಕರಗುತ್ತದೆ. ದ್ರವ ಆರಿಹೋದೊಡನೆ ಗಾಜಿನಂತಹ ಪೊರೆಯಾಗಿ ಉಳಿಯುತ್ತದೆ. 1920ರ ದಶಕದಲ್ಲಿ ಅಮೆರಿಕದ ಮೋಟಾರು ಕಾರುಗಳಿಗೆ ಹೊಸದಾಗಿ ಬಳಿಯತೊಡಗಿದ ಬಣ್ಣದ ಜೀವಾಳವೂ ಇದೇ. ಇಂದು ಹೆಣ್ಣುಮಕ್ಕಳು ಉಗುರಿಗೆ ಹಚ್ಚುವ ಬಣ್ಣದ ಜೀವಾಳವೂ ಇದೇ. ಎಂದರೆ, ಪೈಯಾನ್ನೆಯ ಬೆಸ್ತನು ಅಂಗಡಿಯ ಬೆಲೆಯುಳ್ಳ ವಸ್ತುವನ್ನು ಕಸದ ಬುಟ್ಟಿಯ ದಾರಿಯಿಂದ ಪಡೆದ. ಆ ಫಿಲ್ಮುಗಳಲ್ಲಿ ಯಾರ ಮದುವೆಯ ಚಿತ್ರವಿತ್ತೋ, ಯಾವ ಮಗುವಿನ ಮುಖವಿತ್ತೋ, ಎಲ್ಲವೂ ಒಂದು ಮೀನಿನ ಮೈಹೊಳಪಾಗಿ ಸರೋವರಕ್ಕೆ ಇಳಿದವು.

ಇಲ್ಲಿ ಒಂದು ಎಚ್ಚರಿಕೆ. ಮನೆಯ ಹಳೆಯ ಪೆಟ್ಟಿಗೆಯಲ್ಲಿ ನೆಗೆಟಿವ್‌ಗಳಿವೆಯೆಂದು ಯಾರೂ ಈ ಪ್ರಯೋಗಕ್ಕೆ ಕೈಹಾಕಬಾರದು. ಸೆಲ್ಯುಲಾಯ್ಡ್ ಫಿಲ್ಮು ಬೆಂಕಿಗೆ ಬಲು ಬೇಗ ಬಲಿಯಾಗುತ್ತದೆ. ಒಮ್ಮೆ ಹೊತ್ತಿಕೊಂಡರೆ ನೀರಿನಲ್ಲಿ ಮುಳುಗಿಸಿದರೂ ಆರದೆ ಉರಿಯುತ್ತದೆ.

ಆ ಲೇಪ ಬರಿಯ ಅಂದಕ್ಕಾಗಿ ಬೇಕಾಗಿದ್ದುದಲ್ಲ. ಹುಸಿಮೀನಿನ ಸರ್ವಸ್ವವೂ ಅದರ ಓಲಾಟದಲ್ಲಿದೆ. ಓಲಾಟವು ಅದರ ತೂಕದಲ್ಲಿದೆ. ಹೌಕಿಯ ಹಲ್ಲು ಲೇಪವನ್ನು ಸೀಳಿತೆಂದರೆ ಆ ಸೀಳಿನಿಂದ ನೀರು ಒಳಹೊಗುತ್ತದೆ, ಮರ ಉಬ್ಬುತ್ತದೆ, ಉಬ್ಬಿದ ಮರ ಬಣ್ಣವನ್ನು ಇನ್ನಷ್ಟು ಬಿರುಕುಗೊಳಿಸುತ್ತದೆ, ತೂಕ ಹೆಚ್ಚಿದ ಮೀನು ಓಲಾಡುವುದನ್ನು ಮರೆತು ಕಡ್ಡಿಯಂತೆ ಹಿಂಬಾಲಿಸುತ್ತದೆ. ಹಾಗೆಂದು ಲೇಪವನ್ನು ದಪ್ಪವಾಗಿ ಬಳಿದರೂ ಅದೇ ಗತಿ; ಭಾರವಾದ ಕವಚ ತೊಟ್ಟ ಮೀನು ಕುಂಟುವುದಿಲ್ಲ. ಕಾಪಾಡಬೇಕು, ಆದರೆ ಹೊರೆಯಾಗಬಾರದು. ಅಂದು ಲೌರಿಯ ಮನೆಯ ರೊಟ್ಟಿ ಕೂದಲೆಳೆಯಷ್ಟು ತೆಳುವಾದ ಆ ಪೊರೆಯನ್ನು ನಂಬಿತ್ತು.

ಪೊರೆ ಕೈಬಿಡಲಿಲ್ಲ. ಮನೆಯ ಮಕ್ಕಳೂ ಕೆಲಸಕ್ಕೆ ಕೈಗೂಡಿಸಿದರು. ಒಂದೊಂದು ಮೀನನ್ನೂ ನೀರಿನಲ್ಲಿ ಎಳೆದು, ಓಲಾಟ ಸರಿಯಿದ್ದರೆ ಮಾತ್ರ ಮಾರಾಟಕ್ಕೆ ಕಳುಹಿಸುವ ಪದ್ಧತಿ ಬೆಳೆಯಿತು. 1952ರ ಹೆಲ್ಸಿಂಕಿ ಒಲಿಂಪಿಕ್ಸಿಗೆ ಬಂದ ಪರದೇಶದವರ ಪೆಟ್ಟಿಗೆಗಳಲ್ಲಿ ಕೆಲವು ಮೀನುಗಳು ಕಡಲು ದಾಟಿದವು. 1960ರ ಸುಮಾರಿಗೆ ಅಮೆರಿಕದ ಮಿನಿಯಾಪೊಲಿಸ್ ನಗರದ ರಾನ್ ವೆಬರ್ ಮತ್ತು ರೇ ಆಸ್ಟ್ರಮ್ ಎಂಬ ಇಬ್ಬರು ಅವುಗಳನ್ನು ತರಿಸಿ ಮಾರತೊಡಗಿದರು. 1962ರ ಆಗಸ್ಟಿನಲ್ಲಿ 'ಲೈಫ್' ಪತ್ರಿಕೆ ಈ ಮೀನಿನ ವಿಚಾರವಾಗಿ ಲೇಖನವೊಂದನ್ನು ಅಚ್ಚುಮಾಡಿತು. ಅದೇ ತಿಂಗಳಲ್ಲಿ ತೀರಿಕೊಂಡ ಚಿತ್ರತಾರೆ ಮರಿಲಿನ್ ಮನ್ರೋ ಆ ಸಂಚಿಕೆಯ ಮುಖಪುಟದಲ್ಲಿದ್ದಳು. ತಾರೆಯ ಕಥೆಗಾಗಿ ಸಂಚಿಕೆಯನ್ನು ಕೊಂಡ ಲಕ್ಷಾಂತರ ಜನ ಮೀನಿನ ಕಥೆಯನ್ನೂ ಓದಿದರು. ಬೇಡಿಕೆ ಪ್ರವಾಹವಾಗಿ ಬಂತು. ಲೌರಿ 1974ರಲ್ಲಿ ತೀರಿಕೊಂಡ. ಅವನ ಹೆಸರಿನ ಹುಸಿಮೀನು ಇಂದಿಗೂ ಪ್ರಪಂಚದ ನೀರುಗಳಲ್ಲಿ ಕುಂಟುತ್ತ ಈಜುತ್ತಿದೆ.

ಬಡಗಿಯ ಕೊಟ್ಟಿಗೆಯಲ್ಲಿ

ಕಾರ್ಖಾನೆಯ ಮೀನು ಅಂಗಡಿಯಲ್ಲಿ ಸುಲಭವಾಗಿ ಸಿಕ್ಕುವ ಈ ಕಾಲದಲ್ಲಿಯೂ, ತನ್ನ ಗಾಳಕ್ಕೆ ತಾನೇ ಮೀನು ಕೆತ್ತಿಕೊಳ್ಳುವ ಹವ್ಯಾಸ ಅಳಿದಿಲ್ಲ. ವ್ಯಾಕ್ಸಿಯಲ್ಲಿ ನಾನು ಇಳಿದುಕೊಂಡಿದ್ದ ಮನೆಯ ಯಜಮಾನರು ವೃದ್ಧರು, ನಿವೃತ್ತರಾದ ಬಡಗಿ. ಮನೆಯ ಹಿಂದೆ ಹಲಗೆಯ ಕೊಟ್ಟಿಗೆ. ಅದರಲ್ಲಿ ಬಾಲ್ಸಾ ಮರದ ತುಂಡುಗಳು, ಪೈನ್ ತೊಗಟೆ, ಬಣ್ಣದ ಕುಪ್ಪಿಗಳು. ತಂತಿಯೊಂದರ ಮೇಲೆ ಒಣಗಲು ತೂಗುಹಾಕಿದ್ದ ಹತ್ತಾರು ಮರದ ಮೀನುಗಳು ಗಾಳಿಗೆ ಒಂದನ್ನೊಂದು ತಟ್ಟಿ ಸದ್ದು ಮಾಡುತ್ತಿದ್ದವು. ಫಿನ್ನರು ಮಿತಭಾಷಿಗಳು, ಇವರು ಆ ಮಿತಿಗೂ ಮಿತಿ ಹಾಕಿಕೊಂಡವರು. ಅವರ ಮಗಳು ಇಂಗ್ಲಿಷಿನಲ್ಲಿ ದುಭಾಷಿಯಾಗಿ ನಿಂತರು.

ಗೋಡೆಯ ಗೂಡುಗಳಲ್ಲಿ ಐದಾರು ಬಗೆಯ ಮೆರುಗೆಣ್ಣೆಗಳಿದ್ದವು. ಎಲ್ಲವೂ ಬಣ್ಣವಿಲ್ಲದ, ತಿಳಿಯಾದ ಲೇಪಗಳೇ.

"ಇವುಗಳಲ್ಲಿ ಎಲ್ಲಕ್ಕಿಂತ ಒಳ್ಳೆಯದು ಯಾವುದು?" ಎಂದು ಕೇಳಿದೆ.

ವೃದ್ಧರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾವ ಮೀನಿಗೆ? ಯಾರ ಕೈಗೆ?" ಎಂದರು.

ಮತ್ತೆ ಸ್ವಲ್ಪ ಹೊತ್ತಿನ ಮೇಲೆ ಅವರು ಹೇಳಿದ ಮಾತೊಂದು ಇಡೀ ವಿದ್ಯೆಯ ಬೀಗದ ಕೈಯಂತಿತ್ತು. ಮೆರುಗೆಣ್ಣೆಯ ಗುಣವೆಂದರೆ ಮರದ ಮೇಲೆ ಗಟ್ಟಿಯಾಗುವುದು. ಅದರ ದೋಷವೆಂದರೆ ಡಬ್ಬಿಯೊಳಗೆ ಗಟ್ಟಿಯಾಗುವುದು. ಎರಡಕ್ಕೂ ಕಾರಣ ಒಂದೇ. ಯಾವುದರಿಂದ ಅದು ಗಟ್ಟಿಯಾಗುತ್ತದೆಯೆಂದು ತಿಳಿದುಕೊಂಡು, ಕೆಲಸದ ಹೊತ್ತಿನಲ್ಲಿ ಅದನ್ನು ಒದಗಿಸಬೇಕು. ಉಳಿದ ಹೊತ್ತಿನಲ್ಲಿ ಅದನ್ನು ದೂರವಿಡಬೇಕು. ಆರಿಸುವುದೂ ಇಷ್ಟೇ, ಕಾಪಾಡುವುದೂ ಇಷ್ಟೇ.

ಈ ಮಾತನ್ನು ಹಿಡಿದು ಅವರ ಗೂಡುಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯ ಗೂಡಿನಲ್ಲಿದ್ದುದು ಲೌರಿಯ ಲೇಪದ ವಂಶಕ್ಕೆ ಸೇರಿದ ಸೆಲ್ಯುಲೋಸ್ ಲ್ಯಾಕರ್. ಇದು ಗಟ್ಟಿಯಾಗುವುದು ದ್ರವ ಆರಿಹೋಗುವುದರಿಂದ. ಮೀನನ್ನು ಅದ್ದಿ, ತೆಗೆದು, ತೂಗುಹಾಕಿ, ಒಣಗಿದ ಮೇಲೆ ಮತ್ತೆ ಅದ್ದಬೇಕು. ಹೀಗೆ ತೆಳುವಾದ ಪದರಗಳು ಹಲವು. ಹೊಸ ಪದರವು ಹಳೆಯ ಪದರವನ್ನು ಕೊಂಚ ಕರಗಿಸಿ ಅದರೊಡನೆ ಒಂದಾಗುವುದೇ ಇದರ ಹೆಚ್ಚುಗಾರಿಕೆ. ಅವಸರದ ಕೈಗೆ ಇದು ತಕ್ಕುದಲ್ಲ. ತೀರ ಗಡುಸಾದ ಹಲ್ಲನ್ನು ತಡೆಯುವ ಶಕ್ತಿಯೂ ಇದಕ್ಕೆ ಕಡಿಮೆ. ಡಬ್ಬಿಯ ಅಂಚನ್ನು ಒರೆಸಿ ಮುಚ್ಚಳವನ್ನು ಬಿಗಿಯಾಗಿ ಹಾಕಿದರೆ ಬಹುಕಾಲ ಉಳಿಯುತ್ತದೆ. ಮಂದವಾದರೆ ತಕ್ಕ ತಿನ್ನರ್ ಸೇರಿಸಿ ತಿಳಿಮಾಡಬಹುದು. ಉಗುರುಬಣ್ಣದ ಕುಪ್ಪಿಯ ಬಿರಡೆ ಸಡಿಲವಾದರೆ ಬಣ್ಣ ಅಂಟಾಗುವುದನ್ನು ಬಲ್ಲ ಗೃಹಿಣಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಲೆ, ದೀಪ, ಬೀಡಿ ಸಿಗರೇಟುಗಳಿಂದ ಇದು ದೂರವಿರಬೇಕು.

ಎರಡನೆಯದು ಎಣ್ಣೆಯ ವಾರ್ನಿಷ್, ದೋಣಿಗಳಿಗೆ ಬಳಿಯುವಂತಹದು. ಇದನ್ನು ಗಟ್ಟಿಮಾಡುವುದು ಗಾಳಿಯಲ್ಲಿರುವ ಆಮ್ಲಜನಕ. ಒಣಗುವುದು ನಿಧಾನ, ತುಸು ಹಳದಿಯ ಛಾಯೆ, ಆದರೆ ಬಾಗುವ ಗುಣವುಂಟು. ಡಬ್ಬಿಯನ್ನು ಅರ್ಧ ಖಾಲಿಮಾಡಿ ಇಟ್ಟರೆ, ಮೇಲಿನ ಅರ್ಧದಲ್ಲಿ ತುಂಬಿದ ಗಾಳಿ ಹಾಲಿನ ಮೇಲೆ ಕೆನೆ ಕಟ್ಟಿಸಿದಂತೆ ಪೊರೆ ಕಟ್ಟಿಸುತ್ತದೆ. ವೃದ್ಧರು ಇದಕ್ಕೆ ಮಾಡಿದ್ದ ಉಪಾಯ ಮಕ್ಕಳು ಮೆಚ್ಚುವಂತಹದು. ವಾರ್ನಿಷ್ ಕಡಿಮೆಯಾದಂತೆಲ್ಲ ಡಬ್ಬಿಯೊಳಗೆ ತೊಳೆದು ಒಣಗಿಸಿದ ಗಾಜಿನ ಗೋಲಿಗಳನ್ನು ಹಾಕುತ್ತಾರೆ. ಬಾಯಾರಿದ ಕಾಗೆ ಹೂಜಿಗೆ ಕಲ್ಲು ಹಾಕಿದ ಕಥೆಯಂತೆ ದ್ರವ ಮೇಲೇರುತ್ತದೆ, ಗಾಳಿಗೆ ಎಡೆಯಿರುವುದಿಲ್ಲ.

ಮೂರನೆಯದು ಬಲು ಗಡುಸಾದ ಒಂದು ಬಗೆಯ ಪಾಲಿಯುರೆಥೇನ್. ಹೌಕಿಯ ಹಲ್ಲಿಗೆ ಇದು ಸರಿಯಾದ ಜೋಡಿ. ಒಂದೇ ಬಾರಿ ಅದ್ದಿ ತೂಗುಹಾಕಿದರೆ ಸಾಕಷ್ಟು ಗಟ್ಟಿಯಾದ ಪೊರೆ ದೊರೆಯುತ್ತದೆ. ಆದರೆ ಇದನ್ನು ಗಟ್ಟಿಮಾಡುವುದು ಗಾಳಿಯ ತೇವ. ಮುಚ್ಚಳ ತೆರೆದೊಡನೆ ಒಳಹೊಕ್ಕ ತೇವ ಮುಚ್ಚಳ ಮುಚ್ಚಿದ ಮೇಲೂ ಒಳಗೆ ತನ್ನ ಕೆಲಸವನ್ನು ಮುಂದುವರಿಸುತ್ತದೆ. ದುಬಾರಿ ಬೆಲೆಯ ಡಬ್ಬಿ ಕೆಲವು ವಾರಗಳಲ್ಲಿ ಕಲ್ಲಿನಂತಾಗಿ, ಹವ್ಯಾಸಿಗಳನ್ನು ಅಳಿಸುವುದು ಇದೇ. ಇದರ ನಿಯಮ ನಮ್ಮ ಉಪ್ಪಿನಕಾಯಿ ಜಾಡಿಯ ನಿಯಮವೇ ಆಗಿದೆ: ಒದ್ದೆಯ ಸೌಟು ಹಾಕಬಾರದು, ಎಲೆಗೆ ಬಡಿಸಿದ್ದನ್ನು ಮತ್ತೆ ಜಾಡಿಗೆ ಸುರಿಯಬಾರದು. ಮೀನನ್ನು ಮೂಲ ಡಬ್ಬಿಯಲ್ಲಿ ಅದ್ದಲೇಬಾರದು. ತಂದ ದಿನವೇ ಚಿಕ್ಕ ಚಿಕ್ಕ ಗಾಜಿನ ಕುಪ್ಪಿಗಳಿಗೆ ಕಂಠದವರೆಗೂ ತುಂಬಿ ಬಿಗಿಯಾಗಿ ಮುಚ್ಚಿಡಬೇಕು; ಒಂದು ಸಲದ ಕೆಲಸಕ್ಕೆ ಒಂದು ಕುಪ್ಪಿ. ನಮ್ಮ ಮಂಗಳೂರಿನ ಆಷಾಢದಲ್ಲಿ ಇದನ್ನು ಒಂದು ಗಳಿಗೆ ತೆರೆದಿಟ್ಟರೆ ಏನಾದೀತೆಂದು ಊಹಿಸಿಕೊಳ್ಳಬಹುದು. ಇದರ ಆವಿ ಪುಪ್ಪುಸಕ್ಕೆ ಕೇಡು. ಕಿಟಕಿ ಬಾಗಿಲುಗಳನ್ನು ತೆರೆದೇ ಕೆಲಸ ಮಾಡಬೇಕು.

ನಾಲ್ಕನೆಯದು ಎಪಾಕ್ಸಿ. ಇದು ಎರಡು ಕುಪ್ಪಿಗಳ ದಾಂಪತ್ಯ. ಬೇರೆ ಬೇರೆ ಇರುವವರೆಗೆ ಎರಡೂ ಶಾಂತ. ಕೂಡಿದ ಕೆಲವು ನಿಮಿಷಗಳಲ್ಲಿ ಬಿಸಿಯೇರಿ ಗಟ್ಟಿಯಾಗತೊಡಗುತ್ತವೆ. ತಯಾರಿಸಿದವರು ಹೇಳಿದ ಅಳತೆಯನ್ನು ತಪ್ಪಬಾರದು. ಗಟ್ಟಿಮಾಡುವ ದ್ರವವನ್ನು ನಾಲ್ಕು ಹನಿ ಹೆಚ್ಚಿಗೆ ಹಾಕಿದರೆ ಬೇಗ ಒಣಗೀತೆಂದು ಎಣಿಸಿದವರ ಮೀನು ಕೊನೆಯವರೆಗೂ ಅಂಟಂಟಾಗಿಯೇ ಉಳಿಯುತ್ತದೆ. ಬಳಿದ ಮೇಲೆ ಲೇಪ ಒಂದೆಡೆಗೆ ಜಾರದಂತೆ ಮೀನನ್ನು ಗಂಟೆಗಟ್ಟಲೆ ಮೆಲ್ಲಗೆ ತಿರುಗಿಸುತ್ತಿರಬೇಕು. ವೃದ್ಧರು ಇದಕ್ಕೆಂದು ಸಣ್ಣ ಮೋಟಾರಿಗೆ ಚಕ್ರವೊಂದನ್ನು ಕಟ್ಟಿದ್ದರು. ಗಾಜಿನಂತಹ ದಪ್ಪ ಹೊಳಪು ಬೇಕೆನ್ನುವವರಿಗೆ, ದೊಡ್ಡ ಮೀನಿಗೆ, ಇದು ಒಪ್ಪುತ್ತದೆ. ಹಗುರವಾದ ಪುಟ್ಟ ಮೀನಿಗೆ ಹೊರೆಯಾಗುತ್ತದೆ. ಬಿಸಿಲಿನಲ್ಲಿ ಕಾಲಕ್ರಮೇಣ ಹಳದಿಗೂಡುತ್ತದೆ. ಕಾಪಾಡುವುದು ಮಾತ್ರ ಸುಲಭ. ಎರಡು ಕುಪ್ಪಿಗಳ ಬಿರಡೆಗಳು ಅದಲುಬದಲಾಗದಿದ್ದರೆ ಸಾಕು. ಚಳಿಗೆ ಹರಳುಗಟ್ಟಿದರೆ, ಚಳಿಯಲ್ಲಿ ಹೆಪ್ಪುಗಟ್ಟಿದ ಜೇನಿನಂತೆ, ಕುಪ್ಪಿಯನ್ನು ಬಿಸಿನೀರಿನಲ್ಲಿಟ್ಟು ಮತ್ತೆ ತಿಳಿಮಾಡಬಹುದು. ಬರಿಗೈಗೆ ತಗುಲಿಸಿಕೊಂಡರೆ ಕೆಲವರಿಗೆ ಚರ್ಮದ ಬೇನೆ ಬರುವುದರಿಂದ ಕೈಚೀಲ ತೊಡುವುದು ಲೇಸು.

ಐದನೆಯದು ಕಪ್ಪು ಕುಪ್ಪಿಯಲ್ಲಿತ್ತು. ಇದು ಬೆಳಕಿಗೆ, ಅದರಲ್ಲಿಯೂ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳಿಗೆ ಗಟ್ಟಿಯಾಗುವ ಹೊಸಕಾಲದ ರಾಳ. ವಿಶೇಷ ದೀಪದ ಕೆಳಗೆ ಹಿಡಿದರೆ ಕೆಲವೇ ನಿಮಿಷಗಳಲ್ಲಿ ಕೆಲಸ ಮುಗಿಯುತ್ತದೆ. ಇದಕ್ಕೆ ಗಾಳಿಯ ಭಯವಿಲ್ಲ, ತೇವದ ಭಯವಿಲ್ಲ, ಕಿಟಕಿಯ ಭಯ. ರಾತ್ರಿ ಹತ್ತಕ್ಕೂ ಬಿಸಿಲಿರುವ ಆ ನಾಡಿನಲ್ಲಿ ವೃದ್ಧರು ಇದನ್ನು ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದ್ದರು.

ಅರಗಿನ ಕುಪ್ಪಿ

ಆರನೆಯ ಕುಪ್ಪಿಯನ್ನು ಅವರು ನನ್ನ ಕೈಗೇ ಕೊಟ್ಟರು. ಒಳಗೆ ಜೇನುಬಣ್ಣದ ಹಕ್ಕಳೆಗಳು. "ಇದು ನಿಮ್ಮ ದೇಶದ್ದು" ಎಂದರು ಮಗಳು. ಅದು ಅರಗು! ನಮ್ಮ ಕಾಡುಗಳ ಮರದ ಕೊಂಬೆಗಳ ಮೇಲೆ ಪುಟ್ಟ ಕೀಟಗಳು ಸ್ರವಿಸುವ ಅರಗು ಶುದ್ಧವಾಗಿ, ಹಕ್ಕಳೆಯಾಗಿ, ಪ್ರಪಂಚದ ಬಡಗಿಗಳ ಕೊಟ್ಟಿಗೆಗಳನ್ನು ಬಹುಕಾಲದಿಂದ ಸೇರುತ್ತ ಬಂದಿದೆ. ಚನ್ನಪಟ್ಟಣದ ಬೊಂಬೆಗಾರರು ಆಲೆ ಮರದ ತುಂಡನ್ನು ಚರಕಿಯಲ್ಲಿ ತಿರುಗಿಸುತ್ತ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತಾರೆ. ಉಜ್ಜಾಟದ ಬಿಸಿಗೆ ಕರಗಿದ ಅರಗು ಮರಕ್ಕೆ ಹತ್ತಿಕೊಳ್ಳುತ್ತದೆ. ತಾಳೆಯೆಲೆಯಿಂದ ತೀಡಿದರೆ ಕನ್ನಡಿಯ ಹೊಳಪು. ಆ ಬೊಂಬೆ ಮಗುವಿನ ಕೈಗೆ ಹೋಗುವುದು, ನೀರಿಗಲ್ಲ. ಅರಗಿನ ಪೊರೆ ನೀರಿನಲ್ಲಿ ನೆನೆದರೆ ಬಿಳುಪೇರಿ ಮೆತ್ತಗಾಗುತ್ತದೆ. ಆದುದರಿಂದ ಮರದ ಮೀನಿಗೆ ಅದು ಮೇಲಂಗಿಯಾಗಲಾರದು, ಒಳಂಗಿಯಾಗಬಲ್ಲದು. ಬಣ್ಣ ಹಚ್ಚುವ ಮೊದಲು ಮರದ ರಂಧ್ರಗಳನ್ನು ಮುಚ್ಚುವುದಕ್ಕೆ ವೃದ್ಧರು ಅದನ್ನು ಬಳಸುತ್ತಾರೆ. ಹಕ್ಕಳೆಗಳು ತಂಪಾದ ಒಣ ಜಾಗದಲ್ಲಿ ಬಹುದಿನ ಕೆಡವು. ಆಲ್ಕೊಹಾಲಿನಲ್ಲಿ ಕರಗಿಸಿದ ಮೇಲೆ ಮಾತ್ರ ತಿಂಗಳುಗಳು ಕಳೆದಂತೆ ಅದರ ಶಕ್ತಿ ಕುಂದುತ್ತದೆ, ಒಣಗದೆ ಅಂಟಾಗಿ ನಿಲ್ಲುತ್ತದೆ. ಬೇಕಾದಾಗ ಬೇಕಾದಷ್ಟೇ ಕರಗಿಸಿಕೊಳ್ಳುವುದು ಜಾಣತನ.

ಹೊರಡುವ ಮುನ್ನ ಅವರು ಇನ್ನೆರಡು ಸಂಗತಿಗಳನ್ನು ತೋರಿಸಿದರು. ಒಂದು, ಬಣ್ಣ ಬಳಿದ ಚಿಕ್ಕ ಮರದ ಕಡ್ಡಿಗಳ ಕಟ್ಟು. ಯಾವ ಹೊಸ ಮೆರುಗೆಣ್ಣೆ ಬಂದರೂ ಮೊದಲು ಕಡ್ಡಿಯ ಮೇಲೆ ಪರೀಕ್ಷೆ, ಆಮೇಲೆ ಮೀನಿನ ಮೇಲೆ. ಏಕೆಂದರೆ ಕೆಲವು ಲೇಪಗಳು ಅಡಿಯ ಬಣ್ಣವನ್ನೇ ಕಲಕಿ ಸುಕ್ಕುಗಟ್ಟಿಸುತ್ತವೆ. ಮುಗಿದ ಮರದ ಮೀನನ್ನು ಮೆತ್ತನೆಯ ಪ್ಲಾಸ್ಟಿಕ್ ಹುಳುಗಳೊಡನೆ ಒಂದೇ ಡಬ್ಬಿಯಲ್ಲಿ ಇಡುವುದೂ ತಪ್ಪು. ಅವುಗಳಿಂದ ಒಸರುವ ಎಣ್ಣೆಯಂತಹ ವಸ್ತು ಮೆರುಗನ್ನು ತಿಂದುಹಾಕುತ್ತದೆ. ಇನ್ನೊಂದು, ಪ್ರತಿ ಕುಪ್ಪಿಯ ಮೇಲೂ ಅಂಟಿಸಿದ್ದ ಕಾಗದದ ಚೂರು. ಅದರ ಮೇಲೆ ಮುಚ್ಚಳ ತೆರೆದ ದಿನದ ತಾರೀಖು ಮಾತ್ರ. ಕೊಂಡ ದಿನವಲ್ಲ, ತೆರೆದ ದಿನ. ಮೆರುಗೆಣ್ಣೆಯ ಆಯುಷ್ಯದ ಲೆಕ್ಕ ಆರಂಭವಾಗುವುದು ಅಂದಿನಿಂದಲೇ.

ಕೊಟ್ಟಿಗೆಯ ಬಾಗಿಲ ಮೊಳೆಗೆ ಒಂದು ಹಳೆಯ ಮೀನು ತೂಗುತ್ತಿತ್ತು. ಬಣ್ಣ ಮಾಸಿತ್ತು, ಮೈತುಂಬ ಹೌಕಿಯ ಹಲ್ಲಿನ ಗೀರುಗಳು, ಗಾಳದ ಕೊಕ್ಕೆ ತೂಗಾಡಿ ಉಜ್ಜಿದ ಕಲೆಗಳು. ಎಷ್ಟು ವರ್ಷದ್ದೆಂದು ಕೇಳಿದೆ. ಮಗಳು ತಂದೆಯನ್ನು ಕೇಳಿ, "ನಾನು ಶಾಲೆಗೆ ಹೋಗುತ್ತಿದ್ದಾಗಿನದು" ಎಂದರು. ಆಕೆಯ ತಲೆಯಲ್ಲಿ ಅಲ್ಲಲ್ಲಿ ನರೆಗೂದಲಿತ್ತು. ವೃದ್ಧರು ಮೀನನ್ನು ಮೊಳೆಯಿಂದ ಬಿಡಿಸಿ, ಬಾಗಿಲ ಬಳಿಯಿದ್ದ ನೀರಿನ ತೊಟ್ಟಿಯಲ್ಲಿ ದಾರದಿಂದ ಎಳೆದರು. ಅದು ಒಂದು ಮಗ್ಗುಲಿಗೆ ವಾಲಿ, ಓಲಾಡಿ, ಕುಂಟುತ್ತ ಬಂತು. ಗೀರುಗಳು ಆಳವಾಗಿದ್ದುವು ನಿಜ. ಒಂದಾದರೂ ಮರವನ್ನು ಮುಟ್ಟಿರಲಿಲ್ಲ.